ಕುಂತರೆ ಮೊಲ, ಎದ್ದರೆ ಕುದುರೆ: ಇಂಥ ಮುಧೋಳ ಮಿಶ್ರತಳಿಯ ನಾಯಿಯನ್ನು ಮನೆಗೆ ತರಬಹುದೇ?

ಪ್ರಶ್ನೆ
ಸಾಧನಕೇರಿಯವಳು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾಯಿಯೊಂದನ್ನು ದತ್ತು ತೆಗೆದುಕೊಳ್ಳುವ ವಿಚಾರವಾಗಿ ನಮ್ಮ ಮನೆಯಲ್ಲಿ ಮೂರು ವಾರಗಳಿಂದ ಚರ್ಚೆ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಸ್ವಯಂಸೇವಕಿಯೊಬ್ಬರ ಮನೆಯಲ್ಲಿ ಸುಮಾರು ಹತ್ತು ತಿಂಗಳ ಹೆಣ್ಣುನಾಯಿಯೊಂದಿದೆ. ಎರಡು ತಿಂಗಳ ಹಿಂದೆ ಬೈಪಾಸ್ ರಸ್ತೆಯ ಧಾಬಾವೊಂದರ ಹಿಂಭಾಗದಲ್ಲಿ ಮುಂಗಾಲಿಗೆ ಗಾಯವಾಗಿ ಬಿದ್ದಿದ್ದ ಅದನ್ನು ಅವರು ಎತ್ತಿಕೊಂಡು ಬಂದು ಚಿಕಿತ್ಸೆ ಕೊಡಿಸಿದ್ದಾರೆ. ಉದ್ದನೆಯ ಮೂತಿ, ಒಳಸೇರಿದ ಹೊಟ್ಟೆ, ತೆಳ್ಳನೆಯ ಕಾಲುಗಳನ್ನು ನೋಡಿದರೆ ಮುಧೋಳದ ರಕ್ತವಿದೆ ಎನ್ನುವುದು ಯಾರಿಗಾದರೂ ತಿಳಿಯುತ್ತದೆ. ಆದರೆ ಸುರುಳಿ ಸುತ್ತಿದ ಬಾಲ, ಕೆಂಚು ಮೈಬಣ್ಣ ನಮ್ಮ ಓಣಿಯ ನಾಯಿಗಳದೇ. ಕೆಂಚಿ ಎಂದೇ ಅವರು ಕರೆಯುತ್ತಾರೆ.

ಮೊದಲ ಸಲ ನಾವು ಹೋದಾಗ ಅದು ಮಂಚದ ಕೆಳಗೆ ಸೇರಿಕೊಂಡು, ಒಂದು ಗಂಟೆ ಕಾದರೂ ಮೂಗಿನ ತುದಿಯನ್ನಷ್ಟೇ ತೋರಿಸಿತು. ನನ್ನ ಮಗಳು ಬಿಸ್ಕತ್ತು ಹಿಡಿದು ಕೈಚಾಚಿದಾಗ ಗೋಡೆಗೆ ಇನ್ನಷ್ಟು ಅಂಟಿಕೊಂಡು ಆಕಳಿಸಿತು. ನಿದ್ದೆ ಬಂದಿರಬೇಕೆಂದು ನಾವು ನಕ್ಕೆವು. ಎರಡನೆಯ ಸಲ ಸ್ವಯಂಸೇವಕಿಯವರು ನಮ್ಮನ್ನು ಅಡುಗೆಮನೆಯ ಕಿಟಕಿಯ ಹಿಂದೆ ಸದ್ದಿಲ್ಲದೆ ನಿಲ್ಲಿಸಿ, ಅದನ್ನು ಹಿತ್ತಲಿಗೆ ಬಿಟ್ಟರು. ಆಗ ಕಂಡದ್ದು ಬೇರೆಯದೇ ಪ್ರಾಣಿ. ತೆಂಗಿನ ಮರ, ನೀರಿನ ಟಾಕಿ, ಬಟ್ಟೆ ಒಗೆಯುವ ಕಲ್ಲು, ಈ ಮೂರನ್ನೂ ಸುತ್ತುಹಾಕಿ, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವಂತೆ ಹತ್ತು ನಿಮಿಷ ಬಿಡದೆ ಓಡಿತು. "ಕುಂತ್ರ ಮೊಲ, ಎದ್ರ ಕುದುರಿ. ಇದನ್ನ ಏನಂತ ತಿಳಿದು ಸಾಕೂದವಾ?" ಎಂದು ಅಪ್ಪ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಯ ಪರಿಸ್ಥಿತಿ ಹೀಗಿದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಯಜಮಾನರು ದಿನಾಲೂ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಮಗಳಿಗೆ ಒಂಬತ್ತು ವರ್ಷ. ಅಪ್ಪನಿಗೆ 72, ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಊರುಗೋಲು ಹಿಡಿದು ನಡೆಯುತ್ತಾರೆ, ಹಗಲೆಲ್ಲ ಮನೆಯಲ್ಲಿರುವವರು ಅವರೊಬ್ಬರೇ. ಹಳೆಯ ಹೆಂಚಿನ ಮನೆ, ಮುಂದೆ ಪಡಸಾಲೆ, ಹಿಂದೆ ಹಿತ್ತಲು, ಸುತ್ತ ನಾಲ್ಕು ಅಡಿಯ ಕಂಪೌಂಡ್ ಗೋಡೆ. ಪಕ್ಕದ ಮನೆಯವರು ಕೋಳಿ ಸಾಕಿದ್ದಾರೆ. ನಾಯಿ ಸಾಕಿದ ಅನುಭವ ನಮಗೆ ಇಲ್ಲವೆಂದೇ ಹೇಳಬೇಕು. ನನ್ನ ಬಾಲ್ಯದಲ್ಲಿ ಹಿತ್ತಲಲ್ಲಿ ಒಂದಿತ್ತು, ಆದರೆ ಅದು ಉಂಡು ತಿರುಗಾಡಿ ತನ್ನಷ್ಟಕ್ಕೆ ತಾನೇ ಬೆಳೆದದ್ದು.

ಇಷ್ಟು ಅಂಜುವ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಿ ಅದರ ಓಟದ ಹಸಿವನ್ನು ತೀರಿಸುವುದು ಹೇಗೆ ಎನ್ನುವುದು ನನ್ನ ಮುಖ್ಯ ಪ್ರಶ್ನೆ. ಅಪ್ಪನಿಗೆ ಅಡ್ಡ ಬಂದು ಅವರನ್ನು ಬೀಳಿಸೀತೇ ಎಂಬ ಭಯವೂ ಇದೆ. ಇನ್ನು, ಅಂಜಿಕೆ ಕಾಲಕ್ರಮದಲ್ಲಿ ಹೋಗುತ್ತದೆಯೋ, ಅಥವಾ ಅದು ಹುಟ್ಟುಗುಣವೋ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ
ತಾತ್ಕಾಲಿಕ ಮನೆ, ಮೈಸೂರು

ಮೇಡಂ, ರಸ್ತೆಯಲ್ಲಿ ಸಿಕ್ಕ ನಾಯಿಗಳಿಗೆ ಖಾಯಂ ಮನೆ ದೊರೆಯುವವರೆಗೆ ನಮ್ಮ ಮನೆಯಲ್ಲಿ ಜಾಗ ಕೊಡುವ ಕೆಲಸವನ್ನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ನಿಮ್ಮ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆ ಆಕಳಿಕೆ. ಅದು ನಿದ್ದೆಯಲ್ಲ. ನಾಯಿಗೆ ಇಕ್ಕಟ್ಟಾದಾಗ ಆಕಳಿಸುತ್ತದೆ, ಏನೂ ತಿನ್ನದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. "ದಯವಿಟ್ಟು ಇನ್ನು ಹತ್ತಿರ ಬರಬೇಡ" ಎಂದು ಅದು ಮರ್ಯಾದೆಯಿಂದ ಹೇಳುವ ರೀತಿ ಅದು. ಮನೆಯವರು ಅದನ್ನು ಗಮನಿಸದೆ ಕೈ ಮುಂದೆ ಮಾಡುತ್ತಲೇ ಹೋದರೆ ನಂತರ ಬರುವುದು ಗುರುಗುಟ್ಟುವಿಕೆ, ಅದಕ್ಕೂ ಬೆಲೆ ಸಿಗದಿದ್ದರೆ ಕಡಿತ. ಮಗಳಿಗೆ ಮೊದಲು ಕಲಿಸಬೇಕಾದ ಪಾಠ ಇದೇ. ನಾಯಿಗೆ "ಕೂರು" ಎಂದು ಕಲಿಸುವುದೆಲ್ಲ ಆಮೇಲಿನ ಮಾತು.

ಅಂಜಿಕೆ ಒಂದು ಸಮಸ್ಯೆ, ಚುರುಕುತನ ಇನ್ನೊಂದು ಸಮಸ್ಯೆ ಎಂದು ನೀವು ಎರಡನ್ನೂ ಬೇರೆಬೇರೆ ಇಟ್ಟು ನೋಡುತ್ತಿದ್ದೀರಿ. ನನ್ನ ಅನುಭವದಲ್ಲಿ ಅವು ಒಂದೇ ಹಗ್ಗದ ಎರಡು ಎಳೆಗಳು. ದಿನವಿಡೀ ಮಂಚದ ಕೆಳಗೆ ಮೈ ಬಿಗಿಹಿಡಿದು ಕುಳಿತ ಜೀವಕ್ಕೆ ಹಿತ್ತಲಿನಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಕೂಡಲೇ ಆ ಬಿಗಿತವೆಲ್ಲ ಕಾಲಿನಿಂದ ಹೊರಗೆ ಹರಿಯುತ್ತದೆ. ಆ ಓಟದಲ್ಲಿ ಸಂತೋಷ ಇಲ್ಲವೆಂದಲ್ಲ, ಆದರೆ ಅರ್ಧದಷ್ಟು ಅಂಜಿಕೆಯ ಬಾಕಿ. ಇದನ್ನು ತಿಳಿಯದೆ, "ಶಕ್ತಿ ಜಾಸ್ತಿಯಾಗಿದೆ, ಓಡಿಸಿ ದಣಿಸೋಣ" ಎಂದು ಮೂರನೆಯ ದಿನವೇ ಬೆಲ್ಟು ಹಾಕಿ ಸಂತೆಯ ದಾರಿಗೆ ಎಳೆದೊಯ್ಯುವವರನ್ನು ನಾನು ಬಹಳ ನೋಡಿದ್ದೇನೆ. ಆಟೋ ಹಾರ್ನು, ಬೀದಿನಾಯಿಗಳ ಬೊಗಳಿಕೆ, ಎದುರಿಗೆ ಬಂದು ತಲೆ ಸವರುವ ಪರಿಚಿತರು, ಇಷ್ಟನ್ನೂ ಸಹಿಸಿ ಮನೆಗೆ ಬಂದ ನಾಯಿ ದಣಿದಿರುವುದಿಲ್ಲ, ಇನ್ನಷ್ಟು ಕೆರಳಿರುತ್ತದೆ. ಮನೆಯವರು ಅದನ್ನು ಚುರುಕುತನವೆಂದೇ ತಿಳಿದು ಮರುದಿನ ಇನ್ನೂ ಒಂದು ಕಿಲೋಮೀಟರ್ ಹೆಚ್ಚು ನಡೆಸುತ್ತಾರೆ.

ನಮ್ಮಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವೊಂದು ಬಳಕೆಯಲ್ಲಿದೆ. ಮೂರು ದಿನ ಗಾಬರಿ ಇಳಿಯಲು, ಮೂರು ವಾರ ಮನೆಯ ವೇಳಾಪಟ್ಟಿ ತಿಳಿಯಲು, ಮೂರು ತಿಂಗಳು ಇದು ತನ್ನ ಮನೆಯೆಂದು ನಂಬಲು. ಅಂಜುಬುರುಕ ನಾಯಿಗಳಿಗೆ ಈ ಲೆಕ್ಕ ಸಾಲುವುದಿಲ್ಲ. ಆದರೂ ಹೊಸಬರ ಅವಸರಕ್ಕೆ ಕಡಿವಾಣ ಹಾಕಲು ಅದು ಉಪಯೋಗಕ್ಕೆ ಬರುತ್ತದೆ.

ತರುವ ಮೊದಲೇ ಪಡಸಾಲೆಯ ಒಂದು ಮೂಲೆಯಲ್ಲಿ, ಜನ ಓಡಾಡುವ ದಾರಿಯಿಂದ ದೂರ, ಮೇಜಿನ ಕೆಳಗೆ ಹಳೆಯ ಸೀರೆ ಇಳಿಬಿಟ್ಟು ಗೂಡು ಮಾಡಿಕೊಡಿ. ಅದು ಅಲ್ಲಿ ಕುಳಿತಾಗ ಯಾರೂ ಕೈಹಾಕಬಾರದು, ಯಾರೂ ಎಳೆಯಬಾರದು. ನೆಂಟರಿಗೆ ಹದಿನೈದು ದಿನ "ನಾಯಿ ನೋಡಲು" ಬರಬೇಡಿ ಎಂದು ಹೇಳಿಬಿಡಿ. ತಿಂಡಿಯನ್ನು ಕೈಯಲ್ಲಿ ಹಿಡಿದು ಕರೆಯುವ ಬದಲು, ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ಬೇಯಿಸಿದ ಕೋಳಿಯ ಒಂದು ಚೂರನ್ನು ಅದರ ಬೆನ್ನ ಹಿಂದೆ ಬೀಳುವಂತೆ ಎಸೆಯಿರಿ. ಅದು ಹಿಂದೆ ಹೋಗಿ ತಿಂದು ತಿರುಗಿ ನೋಡುತ್ತದೆ. ನೀವು ಅಲ್ಲೇ ಇರುತ್ತೀರಿ, ಆದರೆ ಬೆನ್ನಟ್ಟಿರುವುದಿಲ್ಲ. ಮತ್ತೆ ಒಂದು ಹೆಜ್ಜೆ ಮುಂದೆ ಬರುತ್ತದೆ, ಮತ್ತೆ ಹಿಂದಕ್ಕೆ ಎಸೆಯಿರಿ. ದೂರ ಹೋಗಲು ತನಗೆ ಸ್ವಾತಂತ್ರ್ಯವಿದೆ ಎಂದು ತಿಳಿದ ನಾಯಿಯೇ ಹತ್ತಿರ ಬರುವುದು.

ದಣಿಸುವ ವಿಚಾರಕ್ಕೆ ಬಂದರೆ, ನಾಯಿಯ ಕಾಲಿಗಿಂತ ಮೂಗಿಗೆ ಕೆಲಸ ಕೊಡಿ. ಹಳೆಯ ಟವೆಲಿನ ಮಡಿಕೆಗಳಲ್ಲಿ ರೊಟ್ಟಿಯ ಚೂರು ಸುತ್ತಿಡುವುದು, ಹಿತ್ತಲಿನ ಹುಲ್ಲಿನಲ್ಲಿ ಅದರ ಊಟದ ಅರ್ಧ ಭಾಗವನ್ನು ಚೆಲ್ಲಿ ಹುಡುಕಿಕೊಳ್ಳಲು ಬಿಡುವುದು, ಒಂದು ಮೂಲೆಯಲ್ಲಿ ಮರಳು ಸುರಿದು ಅಗೆಯಲು ಬಿಡುವುದು. ಕಾಲು ಗಂಟೆ ಮೂಸಿ ಹುಡುಕಿದ ನಾಯಿ ನೀರು ಕುಡಿದು ನೆಲಕ್ಕೆ ಒರಗುವುದನ್ನು ನೀವೇ ನೋಡುವಿರಿ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇಂಥ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ. ಗೇಟು ತೆರೆದ ಒಂದು ಕ್ಷಣ ಸಾಕು. ಕೊರಳಪಟ್ಟಿಗೆ ಒಂದು ಹಗ್ಗ, ಎದೆಗೆ ಹಾಕುವ ಹಾರ್ನೆಸ್‌ಗೆ ಇನ್ನೊಂದು ಹಗ್ಗ, ಹೀಗೆ ಎರಡಿಲ್ಲದೆ ಗೇಟು ದಾಟಿಸಬೇಡಿ. ಫೋನ್ ನಂಬರಿನ ಬಿಲ್ಲೆಯನ್ನು ಮೊದಲ ದಿನವೇ ಕಟ್ಟಿ. ಒಂದು ವೇಳೆ ಓಡಿಹೋದರೆ ಬೆನ್ನಟ್ಟಬೇಡಿ, ಕೂಗಬೇಡಿ. ದೂರದಲ್ಲಿ ಕುಳಿತು ಊಟದ ವಾಸನೆ ಹರಡಲು ಬಿಡಿ.

ಉತ್ತರ
ಹೊಲದ ದಾರಿ, ಜಮಖಂಡಿ

ತಂಗಿಯವರಿಗೆ ನಮಸ್ಕಾರ. ನಮ್ಮ ತಂದೆಯವರ ಕಾಲದಿಂದಲೂ ಹೊಲದ ಮನೆಯಲ್ಲಿ ಮುಧೋಳ ನಾಯಿಗಳಿವೆ. ಮಿಶ್ರತಳಿಯ ಬಗ್ಗೆ ನನಗೆ ಹೆಚ್ಚು ತಿಳಿಯದಿದ್ದರೂ, ಆ ಅರ್ಧ ರಕ್ತದ ಬಗ್ಗೆ ಹೇಳಬಲ್ಲೆ.

ಮುಧೋಳ ನಾಯಿಯನ್ನು ಅಂಜುಬುರುಕ ಎಂದು ಕರೆಯುವುದು ಅಷ್ಟು ಸರಿಯಲ್ಲ. ಅದು ಬಿಗುಮಾನದ ನಾಯಿ. ಪರಕೀಯರು ಮುಟ್ಟುವುದನ್ನು ಅದು ಸಹಿಸುವುದಿಲ್ಲ, ಮನೆಯವರಾದರೂ ಸಿಕ್ಕಸಿಕ್ಕಲ್ಲಿ ಅಪ್ಪಿಕೊಳ್ಳುವುದನ್ನು ಇಷ್ಟಪಡುವುದಿಲ್ಲ. ಲ್ಯಾಬ್ರಡಾರ್ ಸಾಕಿದವರು ಇದನ್ನು ನೋಡಿ ಏನೋ ದೋಷವಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ನಿಮ್ಮ ಕೆಂಚಿಯ ಅಂಜಿಕೆಯಲ್ಲಿ ಸ್ವಲ್ಪ ಭಾಗ ಧಾಬಾದ ಹಿಂದೆ ತಿಂದ ಏಟಿನದು, ಸ್ವಲ್ಪ ಭಾಗ ಹುಟ್ಟುಗುಣದ್ದು. ಮೊದಲನೆಯದು ಕರಗುತ್ತದೆ. ಎರಡನೆಯದು ಉಳಿಯುತ್ತದೆ, ಉಳಿಯಲಿ ಬಿಡಿ.

ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡಲು ಬೆಳೆಸಿದ ತಳಿ. ಮುಧೋಳದ ಘೋರ್ಪಡೆ ರಾಜಮನೆತನದವರು ಆಶ್ರಯ ಕೊಟ್ಟು ಉಳಿಸಿದ್ದು ಮೊಲ ಹಿಡಿಯುವ ಆ ಓಟಕ್ಕಾಗಿಯೇ. ಈಗ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಮಾತಿನಲ್ಲಿ ಹೆಸರು ಹೇಳಿದ ಮೇಲೆ ನಮ್ಮ ಕಡೆ ಕಾರು ನಿಲ್ಲಿಸಿ ಮರಿ ಕೇಳುವವರು ಹೆಚ್ಚಾದರು. ಹಾಗೆ ಒಯ್ದ ಮರಿಗಳಲ್ಲಿ ಎಷ್ಟೋ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಬೆಳೆದು, ಒಯ್ದವರಿಗೆ ಸಾಕಲಾಗದೆ, ಯಾವುದೋ ಹೆದ್ದಾರಿಯ ಪಕ್ಕ ಇಳಿದವು ಎಂಬುದು ನನ್ನ ಗುಮಾನಿ. ವಿಷಯಾಂತರವಾಯಿತು, ಕ್ಷಮಿಸಿ.

ನಿಮ್ಮ ನಾಲ್ಕು ಅಡಿಯ ಗೋಡೆ ಇದಕ್ಕೆ ಗೋಡೆಯೇ ಅಲ್ಲ. ಎರಡು ಅಡಿಗಿಂತ ಎತ್ತರ ನಿಲ್ಲುವ ನಾಯಿ, ಗೋಡೆಯಾಚೆ ಕೋಳಿ ಕೂಗಿತೆಂದರೆ ನಿಂತಲ್ಲಿಂದಲೇ ಹಾರುತ್ತದೆ. ಗೋಡೆಯ ಮೇಲೆ ಕಬ್ಬಿಣದ ಪಟ್ಟಿ ನಿಲ್ಲಿಸಿ ಜಾಲರಿ ಕಟ್ಟಿ ಆರು ಅಡಿಗೆ ಏರಿಸಿರಿ. ಕೋಳಿ ಕಾಣದಂತೆ ಆ ಭಾಗಕ್ಕೆ ಚಾಪೆಯೋ ಶೀಟೋ ಕಟ್ಟಿರಿ. ಕಣ್ಣಿಗೆ ಬೀಳದಿದ್ದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ. ಇನ್ನೊಂದು, ಇದರ ತಲೆ ಕೊರಳಿಗಿಂತ ಸಣ್ಣದು. ಸಾಮಾನ್ಯ ಬೆಲ್ಟು ಹಾಕಿದರೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ತಲೆ ಜಾರಿಸಿಕೊಂಡು ಹೋಗಿಬಿಡುತ್ತದೆ, ಬೆಲ್ಟು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಎಳೆದಾಗ ಮಾತ್ರ ಸ್ವಲ್ಪ ಬಿಗಿಯಾಗುವ ಅಗಲವಾದ ಪಟ್ಟಿ ಸಿಗುತ್ತದೆ, ಪೇಟೆಯಲ್ಲಿ ಮಾರ್ಟಿಂಗೇಲ್ ಎಂದು ಕೇಳಿರಿ. ಚಳಿಗಾಲದಲ್ಲಿ ಮಲಗಲು ಗೋಣಿಚೀಲದ ಮೇಲೊಂದು ಕೌದಿ ಹಾಕಿರಿ. ಇದರ ಮೈಮೇಲೆ ಕೊಬ್ಬೂ ಇಲ್ಲ, ಕೂದಲೂ ಇಲ್ಲ.

ಓಟ ಇದಕ್ಕೆ ಬೇಕೇ ಬೇಕು, ಆದರೆ ನೀವು ಅಂದುಕೊಂಡಷ್ಟು ಹೊತ್ತು ಅಲ್ಲ. ಬೆಳಗಿನ ಜಾವ ಬೇಲಿಯಿರುವ ಬಯಲಿನಲ್ಲಿ ಉದ್ದನೆಯ ಹಗ್ಗ ಕಟ್ಟಿ ಹತ್ತು ನಿಮಿಷ ಬಿಟ್ಟರೆ ಉಳಿದ ದಿನವೆಲ್ಲ ಹಾಸಿಗೆ ಬಿಟ್ಟು ಏಳುವುದಿಲ್ಲ. ಕಡೆಯದಾಗಿ, ಮೇಲಿನವರು ಕೈಯಿಂದ ತಿನ್ನಿಸಬೇಡಿ ಎಂದಿದ್ದಾರೆ. ನಮ್ಮ ಪದ್ಧತಿ ಬೇರೆ. ಹೊಸ ನಾಯಿ ಬಂದರೆ ಒಂದು ವಾರ ಕಟ್ಟಿಹಾಕಿ, ಒಬ್ಬರೇ ಕೈಯಿಂದ ಊಟ ಹಾಕುತ್ತೇವೆ. ಹಾಕಿದವರನ್ನು ಅದು ಸಾಯುವವರೆಗೆ ಮರೆಯುವುದಿಲ್ಲ.

ಉತ್ತರ
ಎಂಟನೆಯ ಮಹಡಿ, ಬೆಂಗಳೂರು

ಇಂಥ ನಾಯಿಯೊಂದನ್ನು ತಂದು, ನಾಲ್ಕು ತಿಂಗಳ ನಂತರ ಮರಳಿಸಿದವನು ನಾನು. ಈ ಪುಟದಲ್ಲಿ ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ನಿಮ್ಮ ತೀರ್ಮಾನಕ್ಕೆ ಉಪಯೋಗವಾಗಬಹುದು.

ನಮ್ಮದು ದೊಡ್ಡ ಅಪಾರ್ಟ್‌ಮೆಂಟ್. ನಾಯಿ ಸಾಕುವುದನ್ನು ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯನ್ನು ಮುದ್ರಿಸಿಕೊಂಡು ವಾದಕ್ಕೆ ಸಿದ್ಧನಾಗಿದ್ದೆ. ಯಾರೂ ತಕರಾರು ಮಾಡಲಿಲ್ಲ. ಲಿಫ್ಟ್‌ಗೆ ಹೆದರಿದ್ದು ನಾಯಿಯೇ. ಬಾಗಿಲು ತೆರೆದು ಒಳಗೆ ಯಾರಾದರೂ ನಿಂತಿರುವುದು ಕಂಡರೆ ನೆಲಕ್ಕೆ ಚಪ್ಪಟೆಯಾಗಿ ಮಲಗಿ ಅಲ್ಲೇ ಮೂತ್ರ ಮಾಡಿಕೊಳ್ಳುತ್ತಿತ್ತು. ದಿನಕ್ಕೆ ಮೂರು ಸಲ, ಎಂಟು ಮಹಡಿ ಮೆಟ್ಟಿಲಿಳಿದು ಹತ್ತಿದೆ. ಹಗಲು ಹತ್ತು ಗಂಟೆ ನಾನು ಮನೆಯಲ್ಲಿರುತ್ತಿರಲಿಲ್ಲ. ಒಂಟಿಯಾಗಿದ್ದಾಗ ಬಾಗಿಲಿನ ಚೌಕಟ್ಟನ್ನು ಕಡಿದು ಬಾಯಲ್ಲಿ ರಕ್ತ ಬರಿಸಿಕೊಂಡಿತ್ತು. ಜೊತೆಗಿರಲೆಂದು ಇನ್ನೊಂದು ನಾಯಿ ತರುವ ಸಲಹೆಯನ್ನೂ ಕೆಲವರು ಕೊಟ್ಟರು. ಒಂದರ ಕಷ್ಟವನ್ನೇ ತೂಗಿಸಲಾರದವನು ಎರಡನೆಯದನ್ನು ತರುವುದು ನನಗೆ ನ್ಯಾಯವೆನಿಸಲಿಲ್ಲ.

ಆ ನಾಯಿ ಈಗ ತೋಟದ ಮನೆಯೊಂದರಲ್ಲಿದೆ, ಚೆನ್ನಾಗಿದೆ. ನಾನು ಮಾಡದೆ ಬಿಟ್ಟ ಕೆಲಸವನ್ನು ನೀವು ಮಾಡಿ: ದತ್ತು ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಮೂರು ವಾರ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಕೇಳಿ. ಒಳ್ಳೆಯ ಸ್ವಯಂಸೇವಕರು ಬೇಡವೆನ್ನುವುದಿಲ್ಲ. ಆ ಅವಧಿಯಲ್ಲಿ ನಾಯಿಯನ್ನಷ್ಟೇ ಅಲ್ಲ, ಮಳೆ ಸುರಿಯುವ ಬೆಳಗಿನ ಐದೂವರೆಗೆ ಎದ್ದು ಹಗ್ಗ ಹಿಡಿಯುವವರು ಯಾರು ಎನ್ನುವುದನ್ನೂ ಗಮನಿಸಿ. ನಿಮ್ಮ ಮನೆಯಲ್ಲಿ ಹಗಲು ತಂದೆಯವರಿರುತ್ತಾರೆ ಎಂದು ಓದಿ ನನಗೆ ಸ್ವಲ್ಪ ಅಸೂಯೆಯೇ ಆಯಿತು.

ಉತ್ತರ
ಪಶುವೈದ್ಯ, ಶಿವಮೊಗ್ಗ

ಮೇಲಿನವರು ಸ್ವಭಾವದ ಬಗ್ಗೆ ಬೇಕಾದಷ್ಟು ಬರೆದಿರುವುದರಿಂದ ನಾನು ದೇಹದ ಬಗ್ಗೆ ಮಾತ್ರ ಹೇಳುತ್ತೇನೆ.

ಹಿನ್ನೆಲೆ ತಿಳಿಯದ ನಾಯಿಗೆ ಲಸಿಕೆಯೇ ಆಗಿಲ್ಲವೆಂದು ಭಾವಿಸಿ ಹೊರಡುವುದು ಸುರಕ್ಷಿತ. ಸ್ವಯಂಸೇವಕಿಯವರಿಂದ ಲಸಿಕೆಯ ಪುಸ್ತಕ ಕೇಳಿ ಪಡೆಯಿರಿ. ರೇಬೀಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ವೈರಸ್ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆಯ ಎರಡು ಡೋಸ್, ಮಳೆ ಹೆಚ್ಚಿರುವ ನಮ್ಮ ಊರುಗಳಲ್ಲಿ ಇಲಿಜ್ವರದ ರಕ್ಷಣೆ, ಇಷ್ಟೂ ಆಗಿವೆಯೇ ಎಂದು ನೋಡಿ. ಜಂತುಹುಳುವಿನ ಔಷಧಿಯನ್ನು ಮೂರು ತಿಂಗಳಿಗೊಮ್ಮೆ ಕೊಡಿ. ಹೆದ್ದಾರಿಯಲ್ಲಿ ಬೆಳೆದ ನಾಯಿಯ ಮೈಮೇಲೆ ರಕ್ತ ಹೀರುವ ಉಣ್ಣೆಹುಳುಗಳು ಇದ್ದೇ ಇರುತ್ತವೆ, ಆದ್ದರಿಂದ ಉಣ್ಣೆಜ್ವರಕ್ಕೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಈ ಜ್ವರ ತರುವ ಎರ್ಲಿಕಿಯಾ ಸೋಂಕು ತಿಂಗಳುಗಟ್ಟಲೆ ಒಳಗೇ ಅಡಗಿದ್ದು, ನಾಯಿ ಊಟ ಬಿಟ್ಟು ಮಂಕಾದಾಗ, ಒಸಡು ಬಿಳಿಚಿಕೊಂಡಾಗ ಅಥವಾ ಮೂಗಿನಲ್ಲಿ ರಕ್ತ ಬಂದಾಗಲಷ್ಟೇ ತಿಳಿಯುತ್ತದೆ. ಅಂಜುಬುರುಕ ನಾಯಿ ಮೂಲೆ ಸೇರಿದರೆ ಮನೆಯವರು ಸ್ವಭಾವವೆಂದು ಸುಮ್ಮನಿರುವ ಅಪಾಯವಿದೆ. ಓಡುತ್ತಿದ್ದ ನಾಯಿ ಎರಡು ದಿನ ಓಡಲಿಲ್ಲವೆಂದರೆ ಅದು ಶಾಂತವಾಯಿತೆಂದು ಸಂತೋಷಪಡಬೇಡಿ, ಆಸ್ಪತ್ರೆಗೆ ಕರೆತನ್ನಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ, ನಾಯಿ ನಿಮಗೆ ಹೊಂದಿಕೊಂಡ ಮೇಲೆ ಮಾಡಿಸಿ. ಮುಧೋಳ ಮಿಶ್ರತಳಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ಬಗೆಯ ಬೇಟೆನಾಯಿಗಳಿಗೆ ಅರಿವಳಿಕೆಯನ್ನು ಆಯ್ದು ಕೊಡಬೇಕಾಗುತ್ತದೆ. ಊಟಕ್ಕೆ ಅನ್ನ ಅಥವಾ ನುಚ್ಚಿನ ಜೊತೆ ಮೊಟ್ಟೆ, ಕೋಳಿ, ಮೊಸರು ಸಾಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ತಂದೆಯವರ ಮೊಣಕಾಲು ನೋವಿನ ಮಾತ್ರೆಗಳನ್ನು ನಾಯಿಗೆ ಎಟುಕದಂತೆ ಇಡಿ, ಐಬುಪ್ರೊಫೇನ್‌ನಂತಹವು ನಾಯಿಗೆ ವಿಷ. ಮಗುವಿಗೆ ಹಲ್ಲಿನ ಗೀರು ಬಿದ್ದರೂ, ನಾಯಿಗೆ ಲಸಿಕೆ ಆಗಿದೆ ಎಂದು ನಿರ್ಲಕ್ಷಿಸದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.

ಜಮಖಂಡಿಯ ಹಿರಿಯರ ಪದ್ಧತಿ ಮರಿಯಿಂದ ಬೆಳೆಸಿದ ನಾಯಿಗೆ ನಡೆದೀತು. ಏಟು ತಿಂದು ಬಂದ ನಾಯಿಯನ್ನು ಕಟ್ಟಿಹಾಕಿದರೆ ಅದಕ್ಕೆ ದೂರ ಸರಿಯುವ ದಾರಿಯೇ ಮುಚ್ಚಿಹೋಗುತ್ತದೆ. ಕೈಯಿಂದಲೇ ತಿನ್ನಬೇಕೆಂಬ ಷರತ್ತು ಹಾಕಿದರೆ ಹಸಿವು ಮತ್ತು ಭಯದ ನಡುವೆ ಅದು ತೊಳಲಾಡುತ್ತದೆ. ಒಬ್ಬರೇ ಊಟ ಹಾಕುವುದು ಒಳ್ಳೆಯದು, ಆದರೆ ತಟ್ಟೆಯಲ್ಲಿ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ
ಸಾಧನಕೇರಿಯವಳು, ಧಾರವಾಡ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಮೂರು ವಾರ ಪರೀಕ್ಷಾರ್ಥವೆಂದು ತಂದೆವು, ಈಗ ಕೆಂಚಿ ನಮ್ಮವಳೇ. ಗೋಡೆಗೆ ಜಾಲರಿ ಕಟ್ಟಿಸಲು ಹದಿನಾರು ಸಾವಿರ ಖರ್ಚಾಯಿತು. ನಾಯಿ ಪುಕ್ಕಟೆಯಾಗಿ ಸಿಗುತ್ತದೆ ಎಂದು ಹೇಳಿದ್ದ ನನ್ನ ತಮ್ಮನಿಗೆ ಬಿಲ್ಲಿನ ಫೋಟೊ ಕಳಿಸಿದ್ದೇನೆ. ರಕ್ತಪರೀಕ್ಷೆಯಲ್ಲಿ ಉಣ್ಣೆಜ್ವರ ಪತ್ತೆಯಾಗಿ, ನಾಲ್ಕು ವಾರ ಮಾತ್ರೆ ನುಂಗಿಸಿದೆವು. ಹೊರಗೆ ಲಕ್ಷಣಗಳೇ ಇರಲಿಲ್ಲ. ವೈದ್ಯರು ಹೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

ಮೊದಲ ಐದು ದಿನ ಅವಳು ಮೇಜಿನ ಕೆಳಗಿನಿಂದ ಹೊರಬಂದದ್ದು ರಾತ್ರಿ ನಾವು ದೀಪ ಆರಿಸಿದ ಮೇಲೆ. ಉಗುರಿನ ಟಕಟಕ ಸದ್ದು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಹೋಗಿಬರುವುದನ್ನು ನಾವು ಹಾಸಿಗೆಯಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಕುಕ್ಕರ್ ಸೀಟಿಗೆ ಮೂರು ವಾರ ಹೆದರಿದಳು. ಮಗಳು ಆಕಳಿಕೆಗಳ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮೊದಲ ವಾರ ದಿನಕ್ಕೆ ಹದಿನೆಂಟು, ಹತ್ತೊಂಬತ್ತು ಇದ್ದದ್ದು ಈಗ ಮೂರೋ ನಾಲ್ಕೋ. ಅವುಗಳಲ್ಲಿ ನಿಜವಾದ ನಿದ್ದೆಯದು ಎಷ್ಟೆಂದು ಅವಳಿಗೂ ಅನುಮಾನ. ಹಿತ್ತಲಿನ ಹುಲ್ಲಿನಲ್ಲಿ ರೊಟ್ಟಿ ಚೆಲ್ಲುವ ಉಪಾಯ ಚೆನ್ನಾಗಿ ಫಲಿಸಿದೆ. ಬೆಳಗಿನ ಆರಕ್ಕೆ ನಮ್ಮ ಶಾಲೆಯ ಮೈದಾನದ ಗೇಟು ಮುಚ್ಚಿ, ಮೂವತ್ತು ಅಡಿಯ ಹಗ್ಗ ಕಟ್ಟಿ ಬಿಡುತ್ತೇನೆ. ಹತ್ತು ನಿಮಿಷದಲ್ಲಿ ತಾನೇ ಬಂದು ನನ್ನ ಚಪ್ಪಲಿಯ ಪಕ್ಕ ನಾಲಿಗೆ ಚಾಚಿ ಕೂರುತ್ತಾಳೆ.

ನಮಗೆ ಅಚ್ಚರಿಯಾದದ್ದು ಅವಳು ಆರಿಸಿಕೊಂಡ ವ್ಯಕ್ತಿ. ಕೋಳಿಯ ಚೂರು ಎಸೆದವಳು ನಾನು, ಔಷಧಿ ತಂದವರು ನಮ್ಮ ಯಜಮಾನರು, ಹಾಡು ಹೇಳಿದವಳು ಮಗಳು. ಕೆಂಚಿ ಹೋಗಿ ಮಲಗಿದ್ದು ಅಪ್ಪನ ಆರಾಮಕುರ್ಚಿಯ ಕೆಳಗೆ. ಅವರು ಮೊದಲಿನಿಂದಲೂ ಅವಳನ್ನು ನೋಡದೆ, ಕರೆಯದೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು. ಈಗಲೂ ನೋಡುವುದಿಲ್ಲ, ಆದರೆ ರೊಟ್ಟಿಯ ಅಂಚು ಮುರಿದು ಕುರ್ಚಿಯ ಪಕ್ಕಕ್ಕೆ ಬೀಳಿಸುತ್ತಾರೆ. ಕೇಳಿದರೆ, "ಕೈಯಾಗಿಂದ ಜಾರಿತವಾ" ಎನ್ನುತ್ತಾರೆ.

ಒಂದೇ ಒಂದು ತೊಡಕು ಉಳಿದಿದೆ. ಅವರ ಊರುಗೋಲು. ಅದು ನೆಲಕ್ಕೆ ಕುಟ್ಟಿದ ಸದ್ದಾದರೆ ಸಾಕು, ಕೆಂಚಿ ಬಾಲವನ್ನು ಕಾಲಸಂದಿಗೆ ಸೇರಿಸಿ ಮೇಜಿನ ಕೆಳಗೆ ಓಡುತ್ತಾಳೆ. ಇದನ್ನು ಕಂಡು ಅಪ್ಪ ಯಾರಿಗೂ ಹೇಳದೆ ಕೋಲನ್ನು ಹೊರಬಾಗಿಲಿಗೆ ಒರಗಿಸಿ, ಗೋಡೆ ಹಿಡಿದುಕೊಂಡು ಒಳಗೆ ಬರಲು ಶುರುಮಾಡಿದ್ದಾರೆ. ನನಗೆ ಈಗ ನಾಯಿಗಿಂತ ಅವರದೇ ಚಿಂತೆ.

ಉತ್ತರ
ತಾತ್ಕಾಲಿಕ ಮನೆ, ಮೈಸೂರು

ಮೇಡಂ, ದಯವಿಟ್ಟು ತಂದೆಯವರಿಗೆ ಕೋಲು ಬಿಡಬೇಡಿರೆಂದು ಹೇಳಿ. ಅದೇ ಅಳತೆಯ ಇನ್ನೊಂದು ಕೋಲು ತಂದು, ಯಾರೂ ಹಿಡಿಯದೆ, ಹಿತ್ತಲಿನ ನೆಲದ ಮೇಲೆ ಮಲಗಿಸಿಡಿ. ಅವಳ ಊಟದ ತಟ್ಟೆಯನ್ನು ಮೊದಲ ದಿನ ಅದರಿಂದ ಹತ್ತು ಅಡಿ ದೂರ ಇಟ್ಟು, ಅವಳು ನಿರಾಳವಾಗಿ ತಿಂದರೆ ಮಾತ್ರ ಮರುದಿನ ಒಂದು ಅಡಿ ಹತ್ತಿರಕ್ಕೆ ತನ್ನಿ. ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರೆ ಎರಡು ಅಡಿ ಹಿಂದಕ್ಕೆ ಒಯ್ಯಿರಿ. ಕೋಲನ್ನು ಮುಟ್ಟುವಷ್ಟು ಹತ್ತಿರ ತಿನ್ನತೊಡಗಿದ ಮೇಲೆ ಅದನ್ನು ಗೋಡೆಗೆ ಒರಗಿಸಿ ಇದನ್ನೇ ಮೊದಲಿನಿಂದ ಮಾಡಿ, ಅನಂತರ ಕುಳಿತಿರುವ ತಂದೆಯವರ ಮಡಿಲಲ್ಲಿಟ್ಟು ಮಾಡಿ. ನಡೆಯುವ ಕೋಲು ಕೊನೆಗೆ. ಅಲ್ಲಿಯವರೆಗೆ ಅವರ ಕೋಲಿನ ತುದಿಗೆ ದಪ್ಪ ರಬ್ಬರಿನ ಹೊಸ ಬುರುಡೆ ಹಾಕಿಸಿ, ಕುಟ್ಟುವ ಸದ್ದು ಅಡಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ.